ಮೂರೂವರೆ ಟನ್ನಿನ ಕೆಳಗಿನವರನ್ನು ಕೇಳೋರ್ಯಾರು?

ಸರಕು ಸಾಗಣೆ ವಾಹನಗಳ ಮಟ್ಟಿಗೆ 2025 ಸುದ್ದಿಗಳ ವರ್ಷ. ಮಾರ್ಚ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಕರಡು ಅಧಿಸೂಚನೆಯೊಂದನ್ನು ಹೊರಡಿಸಿತು. ಚಾಲಕ ತೂಕಡಿಸಿದರೆ ಎಚ್ಚರಿಸುವ, ಎದುರಿಗೆ ಅಡ್ಡ ಬಂದರೆ ತಾನೇ ಬ್ರೇಕ್ ಹಾಕುವ ಸಾಧನಗಳು ಲಾರಿ, ಬಸ್ಸುಗಳಲ್ಲಿ ಇರಬೇಕು ಎಂಬುದು ಅದರ ಸಾರ. ಜುಲೈನಲ್ಲಿ ಪಿಎಂ ಇ-ಡ್ರೈವ್ ಯೋಜನೆಯಡಿ ಎಲೆಕ್ಟ್ರಿಕ್ ಲಾರಿಗೆ 9.6 ಲಕ್ಷ ರೂಪಾಯಿವರೆಗೆ ಪ್ರೋತ್ಸಾಹಧನ ಘೋಷಣೆಯಾಯಿತು. ಸೆಪ್ಟೆಂಬರ್ 22ರಿಂದ ಸರಕು ವಾಹನ, ಬಿಡಿಭಾಗ, ಟೈರುಗಳ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಅಕ್ಟೋಬರ್ 1ರ ನಂತರ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯವಾಯಿತು.

ತೆರಿಗೆ ಇಳಿಕೆಯೊಂದನ್ನು ಬಿಟ್ಟು ಉಳಿದ ಮೂರನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಒಂದೇ ಗೆರೆ ಕಾಣುತ್ತದೆ. ಸರಕು ವಾಹನಗಳ ಪೈಕಿ ಮೂರೂ ಅನ್ವಯವಾಗುವುದು ಎನ್-2 ಮತ್ತು ಎನ್-3 ವರ್ಗಕ್ಕೆ, ಅಂದರೆ ಸರಕೂ ಸೇರಿ ಒಟ್ಟು ತೂಕ ಮೂರೂವರೆ ಟನ್ ದಾಟುವ ಗಾಡಿಗಳಿಗೆ. ಆ ಗೆರೆಯ ಕೆಳಗಿರುವ ಎನ್-1 ವರ್ಗವನ್ನು ಯಾರೂ ಮಾತಾಡಿಸಿಲ್ಲ. ಪಿಎಂ ಇ-ಡ್ರೈವ್‌ನಲ್ಲಿ ಮೂರು ಚಕ್ರದ ಸರಕು ಗಾಡಿಗೆ ಪಾಲು ಸಿಕ್ಕಿತು, ದೊಡ್ಡ ಲಾರಿಗೂ ಇದೆ. ನಡುವಿನ ನಾಲ್ಕು ಚಕ್ರದ ಚಿಕ್ಕ ಗಾಡಿಗೆ ಮಾತ್ರ ಇಲ್ಲ.

ಈಗ ರಾಮದುರ್ಗ ತಾಲ್ಲೂಕಿನ ಸುರೇಬಾನದ ರಸ್ತೆಯನ್ನು ನೋಡಿ. ಕಬ್ಬು ಟ್ರ್ಯಾಕ್ಟರಿನಲ್ಲಿ ಹೋಗುತ್ತದೆ, ಸಿಮೆಂಟು ಲಾರಿಯಲ್ಲಿ ಬರುತ್ತದೆ. ಉಳಿದಂತೆ ಕಿರಾಣಿ ಸಾಮಾನು, ಕಾಯಿಪಲ್ಲೆ, ಈರುಳ್ಳಿ, ಹಾಲು, ಗೊಬ್ಬರ, ಸೀರೆಯ ಗಂಟು, ಆನ್‌ಲೈನ್ ಪಾರ್ಸೆಲ್ಲು ಎಲ್ಲವೂ ಟಾಟಾ ಏಸ್, ದೋಸ್ತ್, ಬೊಲೆರೊ ಪಿಕಪ್ಪಿನ ಬೆನ್ನ ಮೇಲೆ. ಈ ಗಾಡಿಗಳು ನಿಂತರೆ ಸವದತ್ತಿ, ರಾಮದುರ್ಗ, ಕಿತ್ತೂರು ಭಾಗದ ಸಂತೆಗಳೂ ನಿಲ್ಲುತ್ತವೆ. ಅಂದರೆ ಹಳ್ಳಿ ಕರ್ನಾಟಕದ ನಿಜವಾದ ಡೆಲಿವರಿ ಟ್ರಕ್ಕು ಇದೇ.

ಕಾನೂನು ಈ ಗಾಡಿಗೆ ಬಾಗಿಲು ತೆರೆದಿದೆ, ನಿಜ. ಒಟ್ಟು ತೂಕ 3,000 ಕೆ.ಜಿ. ದಾಟದ ಸರಕು ವಾಹನಕ್ಕೆ ಮೋಟಾರು ವಾಹನ ಕಾಯ್ದೆಯ 66ನೇ ಕಲಮಿನಡಿ ಪರ್ಮಿಟ್ ಬೇಡ. ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕೆ.ಜಿ. ಒಳಗಿನ ಸಾರಿಗೆ ವಾಹನ ಓಡಿಸಬಹುದು ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠವೂ ಹೇಳಿತು. ಒಳಗೆ ಬರುವುದು ಸುಲಭವಾಯಿತು. ಬಂದವನು ಯಾವ ಟೈರು ಹಾಕಬೇಕು, ಯಾವ ಬಾಡಿ ಕಟ್ಟಿಸಬೇಕು, ಯಾವ ಎಂಜಿನ್ ತಗೋಬೇಕು ಎಂದು ಹೇಳುವವರು ಯಾರು? ಸದ್ಯಕ್ಕೆ ಫೈನಾನ್ಸಿನವರ ಡೌನ್‌ಪೇಮೆಂಟು, ಬಾಡಿ ಕಟ್ಟುವ ವೆಲ್ಡರು, ಪಕ್ಕದ ಗ್ಯಾರೇಜು. ಚಾಲಕನ ಜೀವ, ಮಾಲೀಕನ ಲಾಭ ಎರಡೂ ಈ ಮೂವರ ಕೈಯಲ್ಲಿವೆ. ಬಹಳಷ್ಟು ಸಲ ಚಾಲಕನೇ ಮಾಲೀಕ ಕೂಡ.

‘ಎಷ್ಟ್ ಹೇರತೈತಿ?’

ಗಾಡಿ ಕೊಳ್ಳುವಾಗ ನಮ್ಮ ಕಡೆ ಕೇಳುವ ಮೊದಲ ಪ್ರಶ್ನೆ ‘ಎಷ್ಟು ಪಾಸಿಂಗ್?’ ಅಲ್ಲವೇ ಅಲ್ಲ, ‘ಎಷ್ಟ್ ಹೇರತೈತಿ?’ ಎಂಬುದು. ಈ ಎರಡು ಪ್ರಶ್ನೆಗಳ ನಡುವಿನ ಅಂತರದಲ್ಲೇ ಅರ್ಧ ಅಪಘಾತಗಳ ಬೀಜ ಇದೆ. ಆರ್‌ಸಿಯಲ್ಲಿ ಎರಡು ಅಂಕಿ ಇರುತ್ತವೆ: ಖಾಲಿ ಗಾಡಿಯ ತೂಕ ಮತ್ತು ಸರಕು ಸೇರಿದ ಒಟ್ಟು ತೂಕ. ಎರಡರ ವ್ಯತ್ಯಾಸವೇ ಕಾನೂನು ಒಪ್ಪುವ ಹೊರೆ. ಡ್ರೈವರ್, ಜೊತೆಗಿರುವ ಹಮಾಲಿ, ತಾಡಪತ್ರಿ, ಹಗ್ಗ ಎಲ್ಲವೂ ಆ ಲೆಕ್ಕದೊಳಗೇ ಬರುತ್ತವೆ.

ಬಾಡಿ ಕಟ್ಟಿಸುವಾಗ ಈ ಲೆಕ್ಕ ಮರೆತುಹೋಗುತ್ತದೆ. ‘ಗಟ್ಟಿ ಇರಲಿ’ ಎಂದು ದಪ್ಪ ತಗಡು, ಎತ್ತರದ ಕಂಬಿ, ಮೇಲೊಂದು ಕ್ಯಾರಿಯರ್ ಹಾಕಿಸುತ್ತೇವೆ. ಹೀಗೆ 150 ಕೆ.ಜಿ. ಕಬ್ಬಿಣ ಹೆಚ್ಚಾದರೆ ಗಾಡಿ ಪ್ರತಿ ಟ್ರಿಪ್ಪಿನಲ್ಲೂ 50 ಕೆ.ಜಿ.ಯ ಮೂರು ಚೀಲ ಕಡಿಮೆ ಹೊರಬೇಕು. ಆದರೆ ಯಾರೂ ಮೂರು ಚೀಲ ಇಳಿಸುವುದಿಲ್ಲ. ಅದರ ಬದಲು ಹಿಂದಿನ ಕಮಾನಿಗೆ ಒಂದೆರಡು ಪಟ್ಟಿ ಹೆಚ್ಚಿಗೆ ಸೇರಿಸುತ್ತಾರೆ.

ಇಲ್ಲೊಂದು ಸಂಗತಿ ಬಹುಪಾಲು ಮಾಲೀಕರಿಗೆ ಗೊತ್ತಿಲ್ಲ. ಹಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ ಹತ್ತಿರ ಭಾರ ಅಳೆಯುವ ಒಂದು ವಾಲ್ವ್ ಇರುತ್ತದೆ. ಹೊರೆ ಬಿದ್ದಾಗ ಕಮಾನು ಎಷ್ಟು ಬಾಗಿತು ಎಂಬುದನ್ನು ನೋಡಿಕೊಂಡು ಅದು ಹಿಂದಿನ ಬ್ರೇಕಿಗೆ ಹೋಗುವ ಒತ್ತಡವನ್ನು ಹೆಚ್ಚು ಕಡಿಮೆ ಮಾಡುತ್ತದೆ. ಹೆಚ್ಚುವರಿ ಪಟ್ಟಿ ಸೇರಿಸಿದರೆ ಕಮಾನು ಬಾಗುವುದಿಲ್ಲ. ಗಾಡಿ ಖಾಲಿ ಇದೆ ಎಂದೇ ವಾಲ್ವ್ ತಿಳಿಯುತ್ತದೆ. ಎರಡು ಟನ್ ಹೇರಿದಾಗಲೂ ಹಿಂದಿನ ಬ್ರೇಕು ಖಾಲಿ ಗಾಡಿಯ ಬ್ರೇಕಿನಂತೆ ಹಿಡಿಯುತ್ತದೆ. ಪಟ್ಟಿ ಸೇರಿಸಿದ್ದು ಹೊರೆ ಹೊರಲಿಕ್ಕೆ, ಆದರೆ ಕಡಿಮೆಯಾದದ್ದು ನಿಲ್ಲಿಸುವ ಶಕ್ತಿ. ಇಳಿಜಾರಿನಲ್ಲಿ ‘ಬ್ರೇಕ್ ಹತ್ತಲಿಲ್ಲ’ ಎನ್ನುವವರು ಕಮಾನನ್ನೂ ಒಮ್ಮೆ ಪರೀಕ್ಷಿಸಬೇಕು.

ದಂಡದ ಲೆಕ್ಕವೂ ಚಿಕ್ಕದಲ್ಲ. 2019ರ ತಿದ್ದುಪಡಿಯ ನಂತರ ಅತಿಭಾರಕ್ಕೆ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಪ್ರತಿ ಟನ್ನಿಗೆ 2,000. ಒಪ್ಪಿಗೆಯಿಲ್ಲದೆ ಗಾಡಿಯ ರಚನೆ ಬದಲಿಸಿದರೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು.

ಇದಕ್ಕೆ ಮಾಲೀಕರ ಉತ್ತರವೂ ಇದೆ. ಡೀಸೆಲ್ ಏರಿದ ವೇಗದಲ್ಲಿ ಬಾಡಿಗೆ ಏರಿಲ್ಲ, ಪಾಸಿಂಗ್ ಪ್ರಕಾರ ಹೇರಿದರೆ ಕಂತು ಕಟ್ಟಲಿಕ್ಕೆ ಆಗೋದಿಲ್ಲ ಎನ್ನುತ್ತಾರೆ. ಇದು ಸುಳ್ಳು ನೆಪವಲ್ಲ. ಹೆಚ್ಚು ಹೇರುವವನು ಬಾಡಿಗೆ ಇಳಿಸಿದಾಗ ಸರಿಯಾಗಿ ಹೇರುವವನೂ ಇಳಿಸಬೇಕಾಗುತ್ತದೆ. ಹಾಗಾಗಿ ಒಬ್ಬನ ಮೇಲೆ ದಂಡ ಹಾಕಿದರೆ ಪ್ರಯೋಜನವಿಲ್ಲ. ಸರಕು ಹೇರಿಸಿದ ವ್ಯಾಪಾರಿಯನ್ನೂ ಹೊಣೆ ಮಾಡದೆ ಈ ಸ್ಪರ್ಧೆ ನಿಲ್ಲುವುದಿಲ್ಲ.

ಅಂಗೈಯಗಲದ ನಾಲ್ಕು ಜಾಗ

ಗಾಡಿ ಎಷ್ಟೇ ದೊಡ್ಡದಿರಲಿ, ರಸ್ತೆಯನ್ನು ಮುಟ್ಟುವುದು ಟೈರಿನ ನಾಲ್ಕು ಸಣ್ಣ ತುಂಡುಗಳು ಮಾತ್ರ. ಆದರೂ ಖರ್ಚು ಉಳಿಸಲು ಮೊದಲು ಕೈ ಹೋಗುವುದು ಟೈರಿಗೇ. ಸರಕು ಗಾಡಿಗೆ ‘ಎಲ್‌ಟಿ’ ಗುರುತಿನ, ಕಂಪನಿ ಹೇಳಿದಷ್ಟೇ ಪ್ಲೈ ರೇಟಿಂಗ್ ಇರುವ ಟೈರು ಬೇಕು. ಅಳತೆ ಹೊಂದಿತು ಎಂದು ಕಾರಿನ ಟೈರು ಹಾಕುವುದು ಅಪಾಯ. ದೊಡ್ಡ ಅಳತೆಯದು ಹಾಕಿದರೆ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ, ಬ್ರೇಕಿನ ಹಿಡಿತವೂ ಕಡಿಮೆಯಾಗುತ್ತದೆ. ರೀಸೋಲ್ ಮಾಡಿಸಿದ ಟೈರು ಹಿಂದೆ ನಡೆದೀತು, ಮುಂದಿನ ಚಕ್ರಕ್ಕೆ ಬೇಡ. ಮುಂದಿನದು ಸಿಡಿದರೆ ಸ್ಟೇರಿಂಗ್ ಕೈಯಲ್ಲಿ ಉಳಿಯುವುದಿಲ್ಲ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಗುರುತಿರುತ್ತದೆ. ‘2324’ ಎಂದಿದ್ದರೆ 2024ರ 23ನೇ ವಾರ ತಯಾರಾದದ್ದು. ‘ಹೊಸದು’ ಎಂದು ಮೂರ್ನಾಲ್ಕು ವರ್ಷ ಗೋಡೌನಿನಲ್ಲಿದ್ದ ಟೈರು ಕೊಟ್ಟರೆ ಇದರಿಂದ ಗೊತ್ತಾಗುತ್ತದೆ. ಗೆರೆಯ ಆಳ 1.6 ಮಿ.ಮೀ.ಗಿಂತ ಕಡಿಮೆಯಾದರೆ ನಿಯಮದ ಪ್ರಕಾರ ಆ ಟೈರು ಮುಗಿಯಿತು. ಮಳೆಗಾಲದಲ್ಲಿ ಮಲಪ್ರಭೆಯ ದಂಡೆಯ ಎರೆಮಣ್ಣು ರಸ್ತೆಗೆ ಮೆತ್ತಿಕೊಂಡಾಗ ಈ ಮಿಲಿಮೀಟರುಗಳ ಬೆಲೆ ತಿಳಿಯುತ್ತದೆ.

ಬ್ರೇಕಿನ ವಿಷಯದಲ್ಲಿ ಒಂದು ಸರಳ ಗಣಿತ ಸಾಕು. ವೇಗ 40ರಿಂದ 60 ಕಿ.ಮೀ.ಗೆ ಏರಿದರೆ ಬ್ರೇಕು ತಡೆಯಬೇಕಾದ ಶಕ್ತಿ ಎರಡೂಕಾಲು ಪಟ್ಟಾಗುತ್ತದೆ. ಅದರ ಮೇಲೆ ಒಟ್ಟು ತೂಕ ಒಂದೂವರೆ ಪಟ್ಟಾದರೆ ಶಕ್ತಿ ಮೂರು ಪಟ್ಟು ಮೀರುತ್ತದೆ. ಆ ಶಾಖವನ್ನೆಲ್ಲ ತಾಳಬೇಕಾದದ್ದು ಒಂದು ಲೈನರ್. ಕೆಲವು ನೂರು ರೂಪಾಯಿ ಉಳಿಸಲು ಡೂಪ್ಲಿಕೇಟ್ ಲೈನರ್ ಹಾಕಿಸುವುದು ಎಂಥ ಉಳಿತಾಯ?

ಡೀಸೆಲ್ಲೋ, ಪೆಟ್ರೋಲೋ?

‘ಹೊರೆ ಎಳೆಯೋದು ಅಂದ್ರ ಡೀಸೆಲ್’ ಎಂಬ ನಂಬಿಕೆಗೆ ಕಾರಣವಿತ್ತು. ಆದರೆ 2020ರ ಏಪ್ರಿಲ್‌ನಿಂದ ಬಿಎಸ್-6 ಬಂದ ಮೇಲೆ ಲೆಕ್ಕ ಬದಲಾಗಿದೆ. ಹಲವು ಡೀಸೆಲ್ ಪಿಕಪ್‌ಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದು ಸುಟ್ಟು ಸ್ವಚ್ಛವಾಗಲು ಗಾಡಿ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಬಿಸಿಯಾಗಿ ಓಡಬೇಕು. ಹುಬ್ಬಳ್ಳಿಗೆ ದಿನಾ ಹೋಗಿಬರುವವನಿಗೆ ತೊಂದರೆಯಿಲ್ಲ. ಸುರೇಬಾನ, ಮನಿಹಾಳ ಸುತ್ತ ಅಂಗಡಿಯಿಂದ ಅಂಗಡಿಗೆ ಐದೈದು ನಿಮಿಷ ಓಡಿ ನಿಲ್ಲುವವನ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಎಚ್ಚರಿಕೆಯ ದೀಪ ಹತ್ತುತ್ತದೆ. ಆಗ ಶೋರೂಮಿನ ಸ್ಕ್ಯಾನರ್ ಇಲ್ಲದೆ ಊರ ಗ್ಯಾರೇಜಿನವನು ಏನೂ ಮಾಡಲಾರ. ಕಡಿಮೆ ದೂರ, ಕಡಿಮೆ ಹೊರೆಯವರಿಗೆ ಪೆಟ್ರೋಲ್ ಗಾಡಿ ಎಷ್ಟೋ ವಾಸಿ. ಸಿಎನ್‌ಜಿಯಾದರೆ ಮೈಲೇಜಿಗಿಂತ ಮೊದಲು ಬಂಕ್ ಎಷ್ಟು ದೂರ ಎಂದು ನೋಡಬೇಕು. ಸಿಲಿಂಡರಿನ ತೂಕ ಪಾಸಿಂಗ್‌ನಲ್ಲಿ ಕಳೆಯುತ್ತದೆ, ಮೂರು ವರ್ಷಕ್ಕೊಮ್ಮೆ ಅದರ ಪರೀಕ್ಷೆಯೂ ಆಗಬೇಕು. ದಿನಾ ಒಂದೇ ದಾರಿಯಲ್ಲಿ ಓಡಿ ರಾತ್ರಿ ಮನೆ ಮುಂದೆ ನಿಲ್ಲುವ ಗಾಡಿಗೆ ಎಲೆಕ್ಟ್ರಿಕ್ ಹೊಂದುತ್ತದೆ. ಆದರೆ ಅದನ್ನು ಕೊಳ್ಳುವ ಚಿಕ್ಕ ಮಾಲೀಕನಿಗೆ ಪಿಎಂ ಇ-ಡ್ರೈವ್‌ನ ಬೆಂಬಲ ಇಲ್ಲ.

ಹಿಂದಿನಿಂದ ಬರುವವನಿಗೆ ಕಾಣಬೇಕು

2024ರ ಜೂನ್ 28ರಂದು ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಬಳಿ ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ಟಿಟಿ ವಾಹನ ಹಿಂದಿನಿಂದ ಗುದ್ದಿತು. ದೇವರ ದರ್ಶನ ಮುಗಿಸಿ ಮರಳುತ್ತಿದ್ದ ಭದ್ರಾವತಿ ತಾಲ್ಲೂಕಿನ 13 ಮಂದಿ ಸತ್ತರು. ಕತ್ತಲಲ್ಲಿ ನಿಂತ ಗಾಡಿ ಎಂಥ ಗೋಡೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಹೊಳೆಯುವ ಪಟ್ಟಿ, ಕೆಲಸ ಮಾಡುವ ಹಿಂದಿನ ದೀಪ, ಒಂದು ತ್ರಿಕೋನ ಫಲಕ: ಗಾಡಿಯ ಸಾಮಾನುಗಳಲ್ಲೇ ಅತಿ ಅಗ್ಗದವು ಇವು. ನಾವು ಮಾತ್ರ ಮುಂದೆ ಬರುವವನ ಕಣ್ಣು ಕುಕ್ಕುವ ಎಲ್‌ಇಡಿ ಬಾರಿಗೆ ಸಾವಿರಾರು ರೂಪಾಯಿ ಸುರಿಯುತ್ತೇವೆ, ಹಿಂದಿನ ದೀಪದ ಬಲ್ಬು ಹೋಗಿ ತಿಂಗಳಾಗಿರುತ್ತದೆ.

ಯಾವ ಬಿಡಿಭಾಗವೂ ಉಳಿಸದ ಕಡೆ

ಉಪಕರಣದ ಮಾತು ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಹೇಳಬೇಕು. 2023ರ ಜನವರಿ 5ರಂದು, ಹುಣ್ಣಿಮೆಯ ಮುನ್ನಾದಿನ, ಸವದತ್ತಿ ಯಲ್ಲಮ್ಮನ ದರ್ಶನಕ್ಕೆ ಹೊರಟಿದ್ದ ಹುಲಕುಂದದ ಭಕ್ತರಿದ್ದ ಗೂಡ್ಸ್ ಗಾಡಿ ರಾಮದುರ್ಗ ತಾಲ್ಲೂಕಿನ ಚುಂಚನೂರ ಬಳಿ ಆಲದ ಮರಕ್ಕೆ ಗುದ್ದಿತು. ಆರು ಮಂದಿ ಸತ್ತರು. 2025ರ ಜನವರಿ 22ರಂದು ಸವಣೂರಿನಿಂದ ಕುಮಟಾ ಸಂತೆಗೆ ಕಾಯಿಪಲ್ಲೆ, ಹಣ್ಣು ಹೇರಿಕೊಂಡು, ಅದರ ಮೇಲೆಯೇ ವ್ಯಾಪಾರಿಗಳು ಕುಳಿತು ಹೋಗುತ್ತಿದ್ದ ಲಾರಿ ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರ ಬಳಿ ಪಲ್ಟಿಯಾಯಿತು. ಹತ್ತು ಜೀವ ಹೋದವು.

ಸರಕಿನ ಜಾಗದಲ್ಲಿ ಸೀಟಿಲ್ಲ, ಬೆಲ್ಟಿಲ್ಲ. ಜನ ನಿಂತರೆ ಗಾಡಿಯ ಭಾರದ ಕೇಂದ್ರ ಮೇಲೇರಿ ತಿರುವಿನಲ್ಲಿ ವಾಲುತ್ತದೆ. ನಾವು ಎತ್ತರದ ಕಂಬಿ ಕಟ್ಟಿಸಿದಷ್ಟೂ ‘ಹಿಡ್ಕೊಂಡು ನಿಲ್ಲಬಹುದು’ ಎಂಬ ಸುಳ್ಳು ಧೈರ್ಯ ಹೆಚ್ಚುತ್ತದೆ. ಜನ ಅಲ್ಲಿ ಹತ್ತುವುದು ಮೋಜಿಗಲ್ಲ. ರಾತ್ರಿ ಹೊತ್ತು ಹುಣ್ಣಿಮೆಗೆ ಬಸ್ಸಿಲ್ಲ, ಬೆಳಗಿನ ಸಂತೆಗೆ ಸರಕಿನ ಜೊತೆ ಹೋಗಲು ಬೇರೆ ದಾರಿಯಿಲ್ಲ. ಇದಕ್ಕೆ ಉತ್ತರ ಕೊಡಬೇಕಾದದ್ದು ಗ್ಯಾರೇಜು ಅಲ್ಲ, ಸಾರಿಗೆ ಸಂಸ್ಥೆ.

ಸರ್ಕಾರದ ಕೈಯಲ್ಲೇ ಕೀಲಿ ಇದೆ

ರಾಜ್ಯ ಸರ್ಕಾರದ ‘ಸ್ವಾವಲಂಬಿ ಸಾರಥಿ’ ಯೋಜನೆಯಲ್ಲಿ ನಿರುದ್ಯೋಗಿ ಯುವಕರಿಗೆ ವಾಹನ ಕೊಳ್ಳಲು ಸಹಾಯಧನ ಸಿಗುತ್ತದೆ. ಪರಿಶಿಷ್ಟರಿಗೆ ಶೇ 75, ಗರಿಷ್ಠ 4 ಲಕ್ಷ ರೂಪಾಯಿ. ಹಿಂದುಳಿದವರು ಮತ್ತು ಅಲ್ಪಸಂಖ್ಯಾತರಿಗೆ ಶೇ 50, ಗರಿಷ್ಠ 3 ಲಕ್ಷ. ಸಾರ್ವಜನಿಕರ ದುಡ್ಡು ಹೋಗುವ ಈ ಗಾಡಿಗಳಿಂದಲೇ ಶುರು ಮಾಡಬಹುದಲ್ಲ? ಸಹಾಯಧನದ ಗೂಡ್ಸ್ ಗಾಡಿಗೆ ಕಂಪನಿ ಬಾಡಿ, ಸರಿಯಾದ ಟೈರು, ಪ್ರತಿಫಲಕ ಪಟ್ಟಿ ಕಡ್ಡಾಯ ಮಾಡಲಿ. ಫಲಾನುಭವಿಗೆ ಎರಡು ದಿನ ತರಬೇತಿ ಕೊಟ್ಟು ಆರ್‌ಸಿ ಓದುವುದು, ಟೈರಿನ ತಾರೀಕು ನೋಡುವುದು, ಕಮಾನನ್ನು ಏಕೆ ಮುಟ್ಟಬಾರದು ಎಂಬುದನ್ನು ಕಲಿಸಲಿ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಒಂದು ಸುತ್ತೋಲೆ ಸಾಕು.

ಕೇಂದ್ರಕ್ಕೆ ಬೇರೆಯದೇ ಪ್ರಶ್ನೆ. 2023ರ ಅಕ್ಟೋಬರ್‌ನಿಂದ ‘ಭಾರತ್ ಎನ್‌ಕ್ಯಾಪ್’ನಲ್ಲಿ ಕಾರುಗಳಿಗೆ ಸುರಕ್ಷತೆಯ ಸ್ಟಾರ್ ಸಿಗುತ್ತಿವೆ. ಅದೂ ಮೂರೂವರೆ ಟನ್ ಒಳಗಿನ ವಾಹನಗಳ ಯೋಜನೆಯೇ, ಆದರೆ ಪ್ರಯಾಣಿಕರ ಕಾರಿಗೆ ಮಾತ್ರ. ವಾರಕ್ಕೊಮ್ಮೆ ಹೊರಗೆ ಬರುವ ಕಾರಿಗೆ ಐದು ಸ್ಟಾರಿನ ಲೆಕ್ಕ ಇದೆ. ದಿನಕ್ಕೆ ಹತ್ತು ತಾಸು ಓಡುವ ಪಿಕಪ್ಪಿನ ಕ್ಯಾಬಿನ್ ಗುದ್ದಿದರೆ ಏನಾಗುತ್ತದೆ ಎಂದು ಹೇಳುವ ಒಂದು ಸ್ಟಾರೂ ಇಲ್ಲ. ಉತ್ತರ ಕರ್ನಾಟಕದ ಏಪ್ರಿಲ್ ಬಿಸಿಲಿಗೂ ಲಾರಿ ಯಾವುದು, ಏಸ್ ಯಾವುದು ಎಂದು ಗೊತ್ತಿಲ್ಲ. ಎ.ಸಿ. ಭಾರ ಎನಿಸಿದರೆ ಶಾಖ ತಡೆಯುವ ಛಾವಣಿ, ಗಾಳಿಯಾಡುವ ಕ್ಯಾಬಿನ್ನಿಗಾದರೂ ಒಂದು ಕನಿಷ್ಠ ಮಟ್ಟ ಬೇಡವೇ?

ಅಷ್ಟರವರೆಗೆ ಮಾಲೀಕರ ಕೈಯಲ್ಲಿರುವುದು ತೆರಿಗೆ ಇಳಿಕೆಯ ಹಣ. ತೆರಿಗೆಗೆ ಮುಂಚೆ 7 ಲಕ್ಷ ರೂಪಾಯಿಯ ಗಾಡಿಗೆ ಮೊದಲು 8.96 ಲಕ್ಷ ಕೊಡಬೇಕಿತ್ತು, ಈಗ 8.26 ಲಕ್ಷ. ಉಳಿದ 70,000 ರೂಪಾಯಿಯನ್ನು ಎತ್ತರದ ಬಾಡಿಗೂ ಎಲ್‌ಇಡಿಗೂ ಹಾಕಬಹುದು. ಅದರಲ್ಲೇ ನಾಲ್ಕು ಒಳ್ಳೆಯ ಟೈರು, ಅಸಲಿ ಲೈನರ್, ಪ್ರತಿಫಲಕ ಪಟ್ಟಿ, ನಡು ಹಿಡಿಯದಂಥ ಸೀಟು ಹಾಕಿಸಿಯೂ ಎರಡು ಮೂರು ಕಂತಿನ ದುಡ್ಡು ಉಳಿಸಬಹುದು. ಗಾಡಿ ತಗೊಳ್ಳುವ ದಿನ ಶೋರೂಮಿನಲ್ಲಿ ‘ಎಷ್ಟ್ ಹೇರತೈತಿ?’ ಎಂದು ಕೇಳುವ ಮೊದಲು ‘ಎಷ್ಟ್ ದೂರದಾಗ ನಿಲ್ಲತೈತಿ?’ ಎಂದು ಕೇಳಿ. ಆ ಪ್ರಶ್ನೆ ಮಾರುವವನಿಗೆ ರೂಢಿಯಾಗುವತನಕ ಬಿಡಬೇಡಿ.