ಮುರಕಾಮಿ ಚರಿತ್ರೆಗೆ ಬೆನ್ನು ತಿರುಗಿಸಿದರೇ?

ಜಪಾನಿನ ಕಾದಂಬರಿಕಾರ ಹರುಕಿ ಮುರಕಾಮಿ ಜಾಝ್, ಬೆಕ್ಕು, ಒಂಟಿತನಗಳಲ್ಲೇ ಮುಳುಗಿ ತಮ್ಮ ದೇಶದ ಚರಿತ್ರೆಗೆ ಬೆನ್ನು ತಿರುಗಿಸಿದವರು ಎಂಬುದು ಕಳೆದ ಸಂಚಿಕೆಯ ಲೇಖನದ ವಾದ. ಆರಂಭದ ಕಾದಂಬರಿಗಳ ಮಟ್ಟಿಗೆ ಒಪ್ಪೋಣ. ಆದರೆ ಆ ಲೇಖನ ಬರೆದವರ ಓದು 1980ರ ದಶಕದಲ್ಲೇ ನಿಂತಂತಿದೆ. ‘ದಿ ವಿಂಡ್-ಅಪ್ ಬರ್ಡ್ ಕ್ರಾನಿಕಲ್’ ಜಪಾನ್ ಮತ್ತು ಸೋವಿಯತ್ ಸೇನೆಗಳ ನಡುವಿನ 1939ರ ನೊಮೊನ್‌ಹಾನ್ ಕದನವನ್ನೂ ಮಂಚೂರಿಯಾದಲ್ಲಿ ಜಪಾನಿ ಸೇನೆ ಎಸಗಿದ ಕ್ರೌರ್ಯವನ್ನೂ ಕೆದಕುತ್ತದೆ. 1995ರಲ್ಲಿ ಓಮ್ ಶಿನ್ರಿಕ್ಯೊ ಪಂಥದವರು ಟೋಕಿಯೊದ ಸುರಂಗ ರೈಲುಗಳಲ್ಲಿ ಸರಿನ್ ವಿಷಾನಿಲ ಹರಡಿದರು. ಬದುಕುಳಿದವರನ್ನೂ ಸತ್ತವರ ಬಂಧುಗಳನ್ನೂ ಮಾತಾಡಿಸಿ ‘ಅಂಡರ್‌ಗ್ರೌಂಡ್’ ಬರೆದವರು ಇದೇ ಮುರಕಾಮಿ. ಮುಂದೆ ಆ ಪಂಥದೊಳಗಿದ್ದವರ ಮಾತಿಗೂ ಕಿವಿಗೊಟ್ಟರು. ಬೆನ್ನು ತಿರುಗಿಸಿದವರು ಮಾಡುವ ಕೆಲಸವೇ ಇದು? 2017ರ ‘ಕಿಲ್ಲಿಂಗ್ ಕಮೆಂಡಟೋರ್’ ಚೀನಾದಲ್ಲಿ ಜಪಾನಿ ಸೇನೆ ನಡೆಸಿದ ನಾನ್‌ಜಿಂಗ್ ಹತ್ಯಾಕಾಂಡವನ್ನು ಪ್ರಸ್ತಾಪಿಸಿದ್ದಕ್ಕೆ ಜಪಾನಿನ ಬಲಪಂಥೀಯರು ಸಿಟ್ಟಿಗೆದ್ದರು. ಮುರಕಾಮಿಯವರ ಸ್ತ್ರೀಪಾತ್ರಗಳ ಬಗ್ಗೆ ತಕರಾರು ಎತ್ತಿದರೆ ನಾನೂ ದನಿಗೂಡಿಸುತ್ತೇನೆ. ಚರಿತ್ರೆ ಮರೆತರೆಂಬ ಆರೋಪ ಮಾತ್ರ ನಿಲ್ಲುವುದಿಲ್ಲ.