ದ್ರಾಕ್ಷಿಯ ರಸವೂ ಊರಿನ ಹೆಸರೂ

ಫ್ರಾನ್ಸ್ ಹಾಗೂ ಇಟಲಿ ದೇಶಗಳ ದ್ರಾಕ್ಷಾಸವಗಳ ಹೆಸರುಗಳು ಈಗ ನಮ್ಮ ದೇಗಾಂವದ ತರುಣರ ಬಾಯಲ್ಲಿಯೂ ಕೇಳಬರುತ್ತವೆ. ಪಾನವನ್ನು ಹೊಗಳುವದು ನಮ್ಮ ಉದ್ದೇಶವಲ್ಲ. ಆದರೆ ಆ ಹೆಸರುಗಳ ಹಿಂದಿನ ವ್ಯವಸ್ಥೆಯು, ದ್ರಾಕ್ಷಿ ಬೆಳೆಯುವ ನಮ್ಮ ನಾಡಿನವರು ಅರಿಯತಕ್ಕದ್ದಾಗಿದೆ.

ಬೋರ್ಡೋ, ಬರ್ಗಂಡಿ, ಶಾಂಪೇನ್ ಇವು ಮೊದಲು ಪ್ರಾಂತಗಳ ಹೆಸರುಗಳು, ಆಮೇಲೆ ಪೇಯಗಳವು. ಬೋರ್ಡೋದಲ್ಲಿ ನದಿಯ ಎಡದಂಡೆಯ ಗರಸುನೆಲಕ್ಕೆ ಕ್ಯಾಬರ್ನೆ ಸೊವಿನ್ಯೋನ್ ಎಂಬ ದ್ರಾಕ್ಷಿಯೂ ಬಲದಂಡೆಯ ಜೇಡಿಮಣ್ಣಿಗೆ ಮೆರ್ಲೋ ಎಂಬುದೂ ಒಗ್ಗಿರುವವು. ಬರ್ಗಂಡಿಯ ಕೆಂಪು ಆಸವವು ಪಿನೋ ನ್ವಾರ್ ದ್ರಾಕ್ಷಿಯದು, ಬಿಳಿಯದು ಶಾರ್ಡೊನೆಯದು. ಶಾಂಪೇನಿನ ಸುಣ್ಣದ ನೆಲದಲ್ಲಿ ಬೆಳೆದ ದ್ರಾಕ್ಷಿಯ ರಸವು ಶೀಶೆಯೊಳಗೇ ಎರಡನೆಯ ಸಲ ಹುದುಗೆದ್ದು ನೊರೆಗೂಡುವದು. ಇಟಲಿಯ ಪಿಯೆಮೊಂತೆ ಪ್ರಾಂತದಲ್ಲಿ ನೆಬ್ಬಿಯೋಲೋ ದ್ರಾಕ್ಷಿಯಿಂದ ಬರೋಲೋ ಆಗುವದು. ತೊಸ್ಕಾನಾದಲ್ಲಿ ಮುಖ್ಯವಾಗಿ ಸಾಂಜೊವೇಸೆಯಿಂದ ಕಿಯಾಂತಿ ಆಗುವದು. ಕಿತ್ತೂರ ಕಡೆಯ ಭತ್ತವನ್ನೂ ಸವದತ್ತಿಯ ಎರೆಹೊಲದ ಜೋಳವನ್ನೂ ಬಲ್ಲ ವಾಚಕರಿಗೆ ನೆಲದ ಈ ಗುಣವನ್ನು ವಿವರಿಸಬೇಕಾದುದಿಲ್ಲ.

ಆದರೆ ಆ ಜನರು ನೆಲದ ಗುಣವನ್ನು ನಂಬಿ ಸುಮ್ಮನಿರಲಿಲ್ಲ. ಕಿಯಾಂತಿಯ ಮೇರೆಗಳನ್ನು ತೊಸ್ಕಾನಾದ ಅರಸನು 1716ರಲ್ಲಿಯೇ ಗೊತ್ತುಪಡಿಸಿದನು. ಫ್ರಾನ್ಸ್ 1935ರಲ್ಲಿ, ಇಟಲಿ 1963ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಕಾಯಿದೆಗಳನ್ನು ಮಾಡಿದವು. ಗೊತ್ತಾದ ಸೀಮೆಯಲ್ಲಿ, ಗೊತ್ತಾದ ಜಾತಿಯ ದ್ರಾಕ್ಷಿಯಿಂದ, ಗೊತ್ತಾದ ರೀತಿಯಲ್ಲಿ ಮಾಡಿದುದಕ್ಕೆ ಮಾತ್ರವೇ ಆ ಹೆಸರು ಸಲ್ಲುವದು.

ಇದು ನಮ್ಮ ಪೂರ್ವಿಕರಿಗೆ ತಿಳಿಯದ ಸಂಗತಿಯಲ್ಲ. ದ್ರಾಕ್ಷಾರಸದ ಮದ್ಯಕ್ಕೆ ಅದು ಹುಟ್ಟಿದ ದೇಶದಿಂದಲೇ ಕಾಪಿಶಾಯನ, ಹಾರಹೂರಕ ಎಂಬ ಹೆಸರುಗಳು ಬಂದವೆಂದು ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಹೇಳಿರುವನು. ಕಾಪಿಶಿಯು ಇಂದಿನ ಕಾಬೂಲಿನ ಉತ್ತರಕ್ಕಿತ್ತು. ಆ ಊರಿನಿಂದ ಕಾಪಿಶಾಯನ ಶಬ್ದವನ್ನು ಸಾಧಿಸಲು ಪಾಣಿನಿಯು ಒಂದು ಸೂತ್ರವನ್ನೇ ರಚಿಸಿರುವನು.

ನಮ್ಮಲ್ಲಿಯೂ ಭೌಗೋಳಿಕ ಸೂಚಕಗಳ ಕಾಯಿದೆಯು 1999ರಲ್ಲಿ ಆಯಿತು. ಧಾರವಾಡದ ಪೇಡೆಗೂ ಬೆಂಗಳೂರು ನೀಲಿ ದ್ರಾಕ್ಷಿಗೂ ಅದರ ರಕ್ಷಣೆ ದೊರೆತಿದೆ. ನೆರೆಯ ಸಾಂಗಲಿಯ ಒಣದ್ರಾಕ್ಷಿಗೂ ದೊರೆತಿದೆ. ಆದರೆ ವಿಜಯಪುರ ಜಿಲ್ಲೆಯ ತಿಕೋಟಾದ ರೈತನು ಬರಗಾಲದಲ್ಲಿ ಟ್ಯಾಂಕರಿನ ನೀರುಣಿಸಿ ಬಳ್ಳಿಯನ್ನು ಉಳಿಸಿದರೂ, ಅವನ ಒಣದ್ರಾಕ್ಷಿಯು ಸಾಂಗಲಿ, ತಾಸಗಾಂವದ ಪೇಟೆಗಳನ್ನು ದಾಟಿ ನಮ್ಮ ಅಂಗಡಿಗೆ ಬರುವಷ್ಟರಲ್ಲಿ ತನ್ನ ಊರಿನ ಹೆಸರನ್ನು ಕಳೆದುಕೊಂಡಿರುವದು. ಹೆಸರು ಹೋದಲ್ಲಿ ಬೆಲೆಯೂ ಕುಗ್ಗುವದು. ಒಳ್ಳೆಯದಕ್ಕೂ ಕಳಪೆಗೂ ಒಂದೇ ತೂಕವಾಗುವದು.

ಹಬ್ಬದ ಪಾಯಸಕ್ಕೆ ಒಣದ್ರಾಕ್ಷಿಯನ್ನು ಕೊಳ್ಳುವ ಗೃಹಿಣಿಯರು ಅದು ಯಾವ ಊರಿನದೆಂದು ಒಮ್ಮೆ ವಿಚಾರಿಸಲಿ. ಹತ್ತು ಜನರು ಕೇಳತೊಡಗಿದರೆ ಅಂಗಡಿಕಾರನು ಉತ್ತರವನ್ನು ತಿಳಿದಿಟ್ಟುಕೊಳ್ಳುವನು.