ಕಲಿಸೋಕೆ ಟೈಮಿಲ್ಲ ಅನ್ನೋ ಐಸಿಯುನಲ್ಲಿ ನನ್ನನ್ನು ಮಲಗಿಸಬೇಡಿ

ಇಲ್ಲಿ ಏನೂ ಬರೆಯದೆ ತಿಂಗಳುಗಳೇ ಆದವು. ಇವತ್ತು ಬರೆಯೋದಕ್ಕೆ ಕಾರಣ ಸಿಟ್ಟು. ಸ್ವಲ್ಪ ಸಹಿಸಿಕೊಂಡು ಓದಿ.

ಈಚೆಗೆ ಡೊಂಬಿವಲಿ ಕಡೆಯ ಕನ್ನಡದವರೊಬ್ಬರು ತಮ್ಮ ತಾಯಿಯನ್ನು ನಮ್ಮ ಐಸಿಯುಗೆ ಕರೆತಂದರು. (ಗುರುತು ಸಿಗಬಾರದು ಅಂತ ವಿವರ ಸ್ವಲ್ಪ ಬದಲಿಸಿದ್ದೇನೆ.) ಜೋರು ನ್ಯುಮೋನಿಯಾ. ರಾತ್ರಿಯೇ ವೆಂಟಿಲೇಟರ್ ಹಾಕಬೇಕಾಯ್ತು. ಬೆಳಿಗ್ಗೆ ನಾನು ನಾಲ್ಕು ಜನ ರೆಸಿಡೆಂಟ್ ಡಾಕ್ಟರ್‌ಗಳನ್ನು ಹಿಂದೆ ಕಟ್ಟಿಕೊಂಡು ರೌಂಡ್ಸಿಗೆ ಬಂದರೆ, ಮಗ ಬಾಗಿಲಲ್ಲೇ ತಡೆದರು. ನಾನು ಧಾರವಾಡದವನು ಅಂತ ಯಾರೋ ಹೇಳಿದ್ದರು ಅನ್ಸುತ್ತೆ.

"ಸರ, ನೀವು ನಮ್ಮವರು ಅಂತ ಹೇಳಾಕತ್ತೀನ್ರಿ. ಈ ಕಲಿಯೋ ಹುಡುಗರನ್ನ ನಮ್ಮವ್ವನ ಮ್ಯಾಲೆ ಬಿಡಬ್ಯಾಡ್ರಿ. ನೀವೊಬ್ಬರೇ ನೋಡ್ರಿ."

ಅದೇ ವಾರ ಆಸ್ಪತ್ರೆಯ ಆಡಳಿತದವರಿಂದ ಕರೆ ಬಂತು. ಎ.ಸಿ. ರೂಮು, ಒಳ್ಳೆ ಕಾಫಿ, ಎದುರಿಗೆ ಲ್ಯಾಪ್‌ಟಾಪು. ನನ್ನ ಮಧ್ಯಾಹ್ನ ಎರಡರಿಂದ ಮೂರರ ಕ್ಲಾಸು ಅವರ ಎಕ್ಸೆಲ್ ಶೀಟಿನಲ್ಲಿ ಕೆಂಪು ಬಣ್ಣದಲ್ಲಿತ್ತು. "ಡಾಕ್ಟರ್ ಸಾಬ್, ಈ ಒಂದು ಗಂಟೆಗೆ ಬಿಲ್ಲಿಂಗೇ ಇಲ್ಲ. ಆ ಹೊತ್ತಿನಲ್ಲಿ ಓಪಿಡಿ ಕೂತರೆ ಹೇಗೆ?" ಅಂತ ಬಹಳ ಮರ್ಯಾದೆಯಿಂದಲೇ ಕೇಳಿದರು.

ಮಗ ಪಾಪ, ಹೆದರಿಕೆಯಿಂದ ಹೇಳಿದ್ದು. ಆಡಳಿತದವರು ಲೆಕ್ಕದಿಂದ ಹೇಳಿದ್ದು. ಆದರೆ ಇಬ್ಬರೂ ಹೇಳಿದ್ದು ಒಂದೇ ಮಾತು: ರೋಗಿಯನ್ನು ನೋಡೋದು ಬೇರೆ, ಕಲಿಸೋದು ಬೇರೆ. ಮೊದಲನೆಯದು ಕೆಲಸ, ಎರಡನೆಯದು ಪುರಸೊತ್ತಿದ್ದರೆ ಮಾಡುವ ದಾನಧರ್ಮ.

ಮೂವತ್ತು ವರ್ಷದಿಂದ ಮುಂಬಯಿಯ ಐಸಿಯುಗಳಲ್ಲಿ ಬದುಕಿದವನು ಹೇಳ್ತಾ ಇದೀನಿ, ಇದು ತಪ್ಪು. ತಪ್ಪಷ್ಟೇ ಅಲ್ಲ, ಅಪಾಯ.

ಅದೇ ತಾಯಿಯ ಕಥೆ ಕೇಳಿ. ರಾತ್ರಿ ಎರಡೂವರೆಗೆ ಡ್ಯೂಟಿ ಡಾಕ್ಟರ್ ನನಗೆ ಫೋನ್ ಮಾಡಿದ್ದರು. "ಸರ್, ಪೇಷಂಟ್ ತೂಕ 80 ಕೆಜಿ. ಕೆಜಿಗೆ 6 ಎಂಎಲ್ ಲೆಕ್ಕದಲ್ಲಿ ವೆಂಟಿಲೇಟರಿನಲ್ಲಿ 480 ಇಟ್ಟಿದೀನಿ." ನಾನು ಅರೆನಿದ್ದೆಯಲ್ಲಿ "ಓಕೆ" ಅಂದು ಮಲಗಿದೆ. ಬೆಳಿಗ್ಗೆ ಹಾಸಿಗೆಯ ಪಕ್ಕ ನಿಂತು, ದಿನಾ ಮಾಡುವಂತೆ, ಎಲ್ಲರಿಗಿಂತ ಚಿಕ್ಕವಳಾದ ನಾಂದೇಡ್ ಕಡೆಯ ಹುಡುಗಿಗೆ "ನೀನು ಈ ಸೆಟ್ಟಿಂಗ್ ವಿವರಿಸು" ಅಂದೆ. ಆಕೆ ಪರದೆ ನೋಡಿದಳು, ಅಜ್ಜಿಯನ್ನು ನೋಡಿದಳು. ಸ್ವಲ್ಪ ಹೆದರುತ್ತಲೇ ಕೇಳಿದಳು, "ಸರ್, ಎತ್ತರ ಯಾರು ಅಳೆದರು?"

ಯಾರೂ ಅಳೆದಿರಲಿಲ್ಲ.

ಕೆಜಿಗೆ 6 ಎಂಎಲ್ ಅನ್ನೋ ಲೆಕ್ಕ ತಕ್ಕಡಿಯ ತೂಕಕ್ಕಲ್ಲ, ಎತ್ತರದಿಂದ ಬರುವ ತೂಕಕ್ಕೆ. ಹೊಟ್ಟೆ ಬಂದ ಮಾತ್ರಕ್ಕೆ ಶ್ವಾಸಕೋಶ ದೊಡ್ಡದಾಗುವುದಿಲ್ಲವಲ್ಲ! ಟೇಪು ತಂದು ಅಳೆದರೆ ಅಜ್ಜಿಯ ಎತ್ತರ 150 ಸೆಂಟಿಮೀಟರು. ಅಂದರೆ ಲೆಕ್ಕಕ್ಕೆ ಬರುವ ತೂಕ ಸುಮಾರು 43 ಕೆಜಿ. ಉಸಿರೊಂದಕ್ಕೆ ಕೊಡಬೇಕಾದ್ದು 260 ಎಂಎಲ್ ಆಸುಪಾಸು. ನಾವು ರಾತ್ರಿಯಿಡೀ ಊದುತ್ತಿದ್ದದ್ದು 480. ಹಣ್ಣಾದ ಶ್ವಾಸಕೋಶವನ್ನು ನಿಮಿಷಕ್ಕೆ ಇಪ್ಪತ್ತು ಸಲ ಬಲೂನಿನ ಹಾಗೆ ಹಿಗ್ಗಿಸುತ್ತಿದ್ದೆವು.

ಇದೇನು ಸಣ್ಣ ವಿಷಯ ಅಲ್ಲ. 2000ನೇ ಇಸವಿಯಲ್ಲಿ ಅಮೆರಿಕದಲ್ಲಿ 861 ರೋಗಿಗಳ ಮೇಲೆ ನಡೆದ ದೊಡ್ಡ ಅಧ್ಯಯನ ಪ್ರಕಟವಾಯ್ತು. ನ್ಯುಮೋನಿಯಾದಂಥ ಕಾರಣಗಳಿಂದ ಶ್ವಾಸಕೋಶ ಪೂರಾ ಕೆಟ್ಟವರಿಗೆ ಕೆಜಿಗೆ 12 ಎಂಎಲ್ ಗಾಳಿ ಕೊಟ್ಟಾಗ ಸುಮಾರು 40 ಪರ್ಸೆಂಟ್ ಜನ ಸತ್ತರು, 6 ಎಂಎಲ್ ಕೊಟ್ಟಾಗ 31 ಪರ್ಸೆಂಟ್. ಹೊಸ ಔಷಧಿ ಇಲ್ಲ, ಹೊಸ ಯಂತ್ರ ಇಲ್ಲ. ಗುಂಡಿ ತಿರುಗಿಸೋದರಲ್ಲಿ ಅಷ್ಟು ವ್ಯತ್ಯಾಸ. ಅಜ್ಜಿಗೆ ಆ ರಾತ್ರಿ ಸಿಗ್ತಾ ಇದ್ದದ್ದು, ಎತ್ತರದ ಲೆಕ್ಕದಲ್ಲಿ, ಕೆಜಿಗೆ 11.

ಈಗ ಹೇಳಿ, ಆ ತಾಯಿಗೆ ಅಪಾಯ ಯಾರಿಂದ ಬಂದಿತ್ತು? "ನೀವೊಬ್ಬರೇ ನೋಡ್ರಿ" ಅಂತ ಮಗ ನಂಬಿದ ದೊಡ್ಡ ಡಾಕ್ಟರಿಂದ, ಅಂದರೆ ನನ್ನಿಂದ. ಅದನ್ನು ಹಿಡಿದದ್ದು ಯಾರು? ಒಳಗೆ ಬಿಡಬೇಡಿ ಅಂದ ಕಲಿಯೋ ಹುಡುಗಿ. ಬಿಲ್ಲಿಂಗಿಲ್ಲದ ಹೊತ್ತಿನಲ್ಲಿ.

ಕಲಿಸೋದು ಅಂದರೆ ದಾನ ಅಲ್ಲ ಅಂತ ನಾನು ಹೇಳೋದು ಇದಕ್ಕೇ. ನಾನು ಮಾಡುವ ಪ್ರತಿಯೊಂದನ್ನೂ ಬಾಯಿಬಿಟ್ಟು ವಿವರಿಸಬೇಕಾದಾಗ, ಕೇಳೋರು "ಯಾಕೆ?" ಅಂದಾಗ, ನನ್ನ ಅಭ್ಯಾಸಬಲ, ಸೋಮಾರಿತನ, ನಿದ್ದೆಗಣ್ಣು ಎಲ್ಲ ಹೊರಗೆ ಬೀಳುತ್ತೆ. ಒಬ್ಬನೇ ರೌಂಡ್ಸ್ ಮಾಡುವ ಕನ್ಸಲ್ಟೆಂಟನ್ನು "ಯಾಕೆ" ಅಂತ ಕೇಳೋರು ಯಾರೂ ಇರೋದಿಲ್ಲ.

ಇನ್ನೊಂದು ಮಾತು. ಐಸಿಯು ಅನ್ನೋದು ಹುಟ್ಟಿದ್ದೇ ವಿದ್ಯಾರ್ಥಿಗಳ ಕೈಯಲ್ಲಿ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಪೋಲಿಯೋ ಹಬ್ಬಿತು. ಬ್ಲೆಗ್ಡಾಮ್ ಆಸ್ಪತ್ರೆಯಲ್ಲಿ ಉಸಿರಾಟ, ನುಂಗುವಿಕೆ ನಿಂತುಹೋದ ಮೊದಲ 31 ರೋಗಿಗಳಲ್ಲಿ 27 ಜನ ತೀರಿಕೊಂಡರು. ಆಗ ಬ್ಯೋರ್ನ್ ಇಬ್ಸೆನ್ ಅನ್ನೋ ಅರಿವಳಿಕೆ ತಜ್ಞ, ಸಾಯುತ್ತಿದ್ದ ಹನ್ನೆರಡು ವರ್ಷದ ಹುಡುಗಿಯ ಕುತ್ತಿಗೆಯಲ್ಲಿ ಕೊಳವೆ ಇಡಿಸಿ, ರಬ್ಬರ್ ಚೀಲವನ್ನು ಕೈಯಿಂದ ಒತ್ತಿ ಉಸಿರು ಕೊಟ್ಟು ಉಳಿಸಿದರು. ಆದರೆ ರೋಗಿಗಳು ಎಷ್ಟೋ ಜನ, ವೆಂಟಿಲೇಟರ್ ಎಲ್ಲಿಂದ ತರೋದು? ಸುಮಾರು 1500 ಮೆಡಿಕಲ್ ವಿದ್ಯಾರ್ಥಿಗಳು ಪಾಳಿ ಹಚ್ಚಿಕೊಂಡು ಹಗಲು ರಾತ್ರಿ ಹಾಸಿಗೆಯ ಪಕ್ಕ ಕೂತು ಆ ಚೀಲ ಒತ್ತಿದರು. ಸಾವು ಇಳಿಯಿತು. ಅಲ್ಲಿಂದ ಐಸಿಯು ಶುರು. "ಕಲಿಯೋ ಹುಡುಗರನ್ನ ಬಿಡಬ್ಯಾಡ್ರಿ" ಅಂದಿದ್ದರೆ ನಮ್ಮ ವೃತ್ತಿಯೇ ಹುಟ್ಟುತ್ತಿರಲಿಲ್ಲ.

ಹಾಗಂತ ಮಗನ ಹೆದರಿಕೆ ಸುಳ್ಳು ಅಂತೀನಾ? ಖಂಡಿತ ಇಲ್ಲ. ಅದು ಎಷ್ಟು ನಿಜ ಅಂತ ನನಗಿಂತ ಚೆನ್ನಾಗಿ ಬಲ್ಲವರು ಯಾರು?

1996. ನಾನು ಊರಿಂದ ಬಂದು ಇಲ್ಲಿಯ ಒಂದು ದೊಡ್ಡ ಸರಕಾರಿ ಆಸ್ಪತ್ರೆಯಲ್ಲಿ ರೆಸಿಡೆಂಟ್ ಆಗಿದ್ದೆ. ಮುಂಬಯಿ ಜನಕ್ಕೆ ಸೆಂಟ್ರಲ್ ಲೈನ್ ಅಂದರೆ ಕಲ್ಯಾಣ್ ಲೋಕಲ್ಲು. ನಮಗೆ ಅಂದರೆ ಕತ್ತಿನ ಅಥವಾ ಕಾಲರ್ ಎಲುಬಿನ ಕೆಳಗಿನ ದೊಡ್ಡ ರಕ್ತನಾಳಕ್ಕೆ ಹಾಕುವ ಕೊಳವೆ. ಆಗಿನ ಪಾಠ ಒಂದೇ: ಒಂದು ನೋಡು, ಒಂದು ಮಾಡು, ಒಂದು ಕಲಿಸು. ನಾನು ಒಂದು ನೋಡಿದ್ದೆ, ಅದೂ ಮೂರು ಜನರ ಭುಜದ ಮೇಲಿಂದ. ರಾತ್ರಿ ಎರಡು ಗಂಟೆಗೆ ಸೀನಿಯರ್ ಸಿಗಲಿಲ್ಲ, ಒಬ್ಬನೇ ಹಾಕಿದೆ. ಸೂಜಿ ಶ್ವಾಸಕೋಶಕ್ಕೆ ತಾಗಿತು. ಗಾಳಿ ಎದೆಗೂಡಿನೊಳಗೆ ಸೋರಿ ಆತನಿಗೆ ಉಸಿರು ಕಟ್ಟಿತು. ವಯಸ್ಸು ಮೂವತ್ತರ ಆಸುಪಾಸು, ಗೋದಿಯಲ್ಲಿ ಹಮಾಲಿ ಮಾಡುತ್ತಿದ್ದವ. ಎದೆಗೆ ಟ್ಯೂಬು ಹಾಕಿ ಬದುಕಿಸಿದೆವು, ಪುಣ್ಯ. ಬೆಳಿಗ್ಗೆ ಆತನ ಹೆಂಡತಿ ನನಗೇ ಕೈಮುಗಿದಳು, "ರಾತ್ರಿಯಿಡೀ ನಿಂತಿದ್ರಿ ಸಾಹೇಬ್" ಅಂತ. ನಿಜ ಹೇಳುವ ಧೈರ್ಯ ನನಗೆ ಬರಲಿಲ್ಲ. ಇವತ್ತಿಗೂ ಆ ಕೈಮುಗಿದದ್ದು ನೆನಪಾದರೆ ಊಟ ಇಳಿಯೋದಿಲ್ಲ.

ಆದರೆ ಆ ರಾತ್ರಿಯ ತಪ್ಪು ಏನು? ಕಲಿಯುವವನು ಇದ್ದ ಅನ್ನೋದಲ್ಲ. ಕಲಿಸುವವನು ಇರಲಿಲ್ಲ ಅನ್ನೋದು. ಈ ವ್ಯತ್ಯಾಸ ತಿಳಿಯದೆ "ವಿದ್ಯಾರ್ಥಿಗಳು ಬೇಡ" ಅಂದರೆ ಏನಾಗುತ್ತೆ ಗೊತ್ತಾ? ಹಗಲು ಹೊತ್ತು, ನಾವೆಲ್ಲ ಇರುವಾಗ, ಅವರು ದೂರ ನಿಂತಿರುತ್ತಾರೆ. ರಾತ್ರಿ ಎರಡು ಗಂಟೆಗೆ, ನಾವು ಯಾರೂ ಇಲ್ಲದಾಗ, ಅದೇ ಕಲಿಯದ ಕೈ ನಿಮ್ಮವ್ವನ ಹತ್ತಿರ ಬರುತ್ತೆ. ಯಾಕಂದರೆ ರಾತ್ರಿ ಐಸಿಯು ನಡೆಸೋರು ಅವರೇ. ದೊಡ್ಡ ಬೋರ್ಡಿನ ಆಸ್ಪತ್ರೆಯಾದರೂ ಅಷ್ಟೇ.

ಇನ್ನು ಎಕ್ಸೆಲ್ ಶೀಟಿನವರಿಗೆ ಬರೋಣ. ಯಂತ್ರ ಕೊಂಡರೆ ಅದು ಆಸ್ತಿ, ಮನುಷ್ಯನಿಗೆ ಕಲಿಸಿದರೆ ಅದು ಖರ್ಚು. ಇದು ಅವರ ಶಾಸ್ತ್ರ. 2020ರಲ್ಲಿ ಇಡೀ ದೇಶಕ್ಕೆ ಈ ಶಾಸ್ತ್ರದ ಫಲ ಸಿಕ್ಕಿತು. ಪಿಎಂ ಕೇರ್ಸ್ ನಿಧಿಯಿಂದ 2000 ಕೋಟಿ ರೂಪಾಯಿ, 50 ಸಾವಿರ ವೆಂಟಿಲೇಟರ್ ಅಂತ ಘೋಷಣೆಯಾಯ್ತು. 2021ರ ಎರಡನೇ ಅಲೆಯಲ್ಲಿ ಜನ ಹಾಸಿಗೆಗಾಗಿ ಅಂಗಲಾಚುವಾಗ ಎಷ್ಟೋ ಊರುಗಳಲ್ಲಿ ಅವು ಮೂಲೆಯಲ್ಲಿ ಬಿದ್ದಿದ್ದವು. ಕೆಲವು ಕೆಟ್ಟಿದ್ದವು, ಒಪ್ಪಿದೆ. ಆದರೆ ಇನ್ನೊಂದು ಕಾರಣ, ಅವನ್ನು ನಡೆಸಲು ಬರುವವರೇ ಇರಲಿಲ್ಲ. ಆಗ ಊರ ಕಡೆಯ ತಾಲೂಕು ಆಸ್ಪತ್ರೆಯಲ್ಲಿದ್ದ ನನ್ನ ಹಳೆಯ ಸಹಪಾಠಿಯೊಬ್ಬ ರಾತ್ರಿ ವಾಟ್ಸಾಪಿನಲ್ಲಿ ವಿಡಿಯೋ ಕಾಲ್ ಮಾಡಿ, "ದೋಸ್ತ, ಯಾವ ಗುಂಡಿ ತಿರುವಲಿ ಹೇಳೋ" ಅಂತಿದ್ದ. ಒಬ್ಬನಿಗೆ ವೆಂಟಿಲೇಟರ್ ಕಲಿಸೋಕೆ ತಿಂಗಳುಗಟ್ಟಲೆ ಬೇಕು. ಅದನ್ನು ನಾನು ಆರು ಇಂಚಿನ ಪರದೆಯಲ್ಲಿ ಹತ್ತು ನಿಮಿಷದಲ್ಲಿ ಕಲಿಸಿದೆ. ಕೆಲವರು ಉಳಿದರು, ಕೆಲವರು ಉಳಿಯಲಿಲ್ಲ.

"ಕಲಿತು ಎರಡೇ ವರ್ಷಕ್ಕೆ ಇಂಗ್ಲೆಂಡಿಗೋ ಆಸ್ಟ್ರೇಲಿಯಾಕ್ಕೋ ಹಾರ್ತಾರೆ, ನಮಗೇನು ಲಾಭ?" ಅಂತಲೂ ಕೇಳಿದರು. ಹಾರ್ತಾರೆ, ಹೌದು. ನಾನೂ ಧಾರವಾಡದಿಂದ ಹಾರಿ ಬಂದವನೇ ಅಲ್ಲವಾ? ಹುಬ್ಬಳ್ಳಿಯ ಕಾಲೇಜಿನಲ್ಲಿ ನನಗೆ ಸ್ಟೆತಸ್ಕೋಪ್ ಹಿಡಿಯೋದು ಕಲಿಸಿದ ಮೇಷ್ಟ್ರು "ಇವನು ಮುಂಬಯಿಗೆ ಹೋಗ್ತಾನೆ" ಅಂತ ಲೆಕ್ಕ ಹಾಕಿದ್ದರೆ, ಇವತ್ತು ಡೊಂಬಿವಲಿಯ ಅಜ್ಜಿಯನ್ನು ನೋಡೋರು ಯಾರು? ನಾವು ವಲಸೆ ಬಂದವರಾದರೂ ಈ ಮಾತು ಆಡಬಾರದು.

ಇಷ್ಟು ಬೈದ ಮೇಲೆ ನಮ್ಮ ಪ್ರೊಫೆಸರ್ ಜನರನ್ನು ಬಿಟ್ಟರೆ ಅನ್ಯಾಯವಾದೀತು. ಮೆಡಿಕಲ್ ಕಾಲೇಜುಗಳಲ್ಲಿ ಇದರ ತಿರುಗುಮುರುಗು ರೋಗ. ಪವರ್‌ಪಾಯಿಂಟಿನಲ್ಲಿ ಭರ್ಜರಿ ಪಾಠ ಮಾಡುವ, ಆದರೆ ಐಸಿಯುವಿನ ರಾತ್ರಿ ಕಂಡು ಹತ್ತು ವರ್ಷವಾದವರಿದ್ದಾರೆ. 2014ರಲ್ಲಿ ದೇಶದಲ್ಲಿ ಎಂಬಿಬಿಎಸ್ ಸೀಟು ಸುಮಾರು 51 ಸಾವಿರ. ಹತ್ತು ವರ್ಷದಲ್ಲಿ ಅದು ದುಪ್ಪಟ್ಟಿಗೂ ಹೆಚ್ಚಾಯ್ತು. ಸೀಟು ಹೆಚ್ಚಿದಷ್ಟು ಸುಲಭವಾಗಿ ಮೇಷ್ಟ್ರು ಹೆಚ್ಚುತ್ತಾರಾ? 2025ರಲ್ಲಿ ಕಾಲೇಜು ತಪಾಸಣೆಯ ಲಂಚದ ಬಗ್ಗೆ ಸಿಬಿಐ ಹಾಕಿದ ಕೇಸು ಓದಿದ್ದೀರಲ್ಲ? ಕಾಗದದ ಮೇಲಿನ ಅಧ್ಯಾಪಕರು, ತಪಾಸಣೆಯ ದಿನಕ್ಕೆ ಮಲಗಿಸಿದ ಸುಳ್ಳು ರೋಗಿಗಳು ಅನ್ನೋ ಆರೋಪ ಅದರಲ್ಲಿದೆ. ಅದೇ ವರ್ಷ ಬಂದ ಹೊಸ ನಿಯಮದ ಪ್ರಕಾರ, ದೊಡ್ಡ ಸರಕಾರಿ ಆಸ್ಪತ್ರೆಗಳಲ್ಲಿ ಹತ್ತು ವರ್ಷ ಕೆಲಸ ಮಾಡಿದ ತಜ್ಞರೂ ಅಸೋಸಿಯೇಟ್ ಪ್ರೊಫೆಸರ್ ಆಗಬಹುದು. ರೋಗಿ ನೋಡುವವರೇ ಕಲಿಸಲಿ ಅನ್ನೋದು ಒಳ್ಳೆಯದೇ. ಆದರೆ ಹೆಸರಿನ ಮುಂದೆ ಪ್ರೊಫೆಸರ್ ಅಂತ ಬಿದ್ದರೆ ಸಾಕಾ? ದಿನದಲ್ಲಿ ಒಂದು ಗಂಟೆ ಕೊಡೋರು ಯಾರು?

ಎರಡನ್ನೂ ಮಾಡೋಕೆ ಆಗಲ್ಲ ಅನ್ನೋರಿಗೆ ಈ ಊರಿನದೇ ಉದಾಹರಣೆ ಇದೆ. ಡಾ. ಫಾರೂಖ್ ಉದ್ವಾಡಿಯಾ ಭಾರತದಲ್ಲಿ ಐಸಿಯು ವೈದ್ಯಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರು. ಒಂದು ಕಡೆ ಬ್ರೀಚ್ ಕ್ಯಾಂಡಿಯ ಖಾಸಗಿ ರೋಗಿಗಳು, ಇನ್ನೊಂದು ಕಡೆ ಜೆ.ಜೆ. ಆಸ್ಪತ್ರೆಯಲ್ಲಿ ಬಡವರ ವಾರ್ಡು ಮತ್ತು ಅಲ್ಲಿಯ ವಿದ್ಯಾರ್ಥಿಗಳು. ಎರಡನ್ನೂ ನಡೆಸಿ, ಮೇಲೆ ಪಠ್ಯಪುಸ್ತಕವನ್ನೂ ಬರೆದರು.

ಸುಲಭ ಅಂತ ಸುಳ್ಳು ಹೇಳೋಲ್ಲ. ಒಬ್ಬನೇ ಮಾಡಿದರೆ ಒಂದು ಗಂಟೆಯಲ್ಲಿ ಮುಗಿಯುವ ರೌಂಡ್ಸು ಕಲಿಸುತ್ತಾ ಮಾಡಿದರೆ ಎರಡೂವರೆ ಗಂಟೆ. ಕ್ಲಾಸಿನ ನಡುವೆ ಯಾರದೋ ಬಿಪಿ ಬಿದ್ದು, ಅರ್ಧ ಪಾಠ ಬೋರ್ಡಿನ ಮೇಲೇ ಉಳಿಯುತ್ತೆ. ಕಲಿಸಬಾರದ ಹೊತ್ತೂ ಇದೆ. ರೋಗಿಯ ಹೃದಯ ನಿಂತಾಗ ನಾನು ಪ್ರಶ್ನೆ ಕೇಳುತ್ತಾ ನಿಲ್ಲೋದಿಲ್ಲ. ಯಾರದೇ ಮೊದಲ ಸೂಜಿ ನನ್ನ ಐಸಿಯುನಲ್ಲಿ ಬೊಂಬೆಗೆ, ರೋಗಿಗಲ್ಲ. ಎರಡನೆಯದಕ್ಕೆ ನನ್ನ ಕೈ ಅವರ ಕೈಯ ಪಕ್ಕದಲ್ಲೇ ಇರುತ್ತೆ.

ಆ ಮಗನಿಗೆ ಅವತ್ತು ಸಂಜೆ ಎಲ್ಲ ಹೇಳಿದೆ. ರಾತ್ರಿಯ 480, ನನ್ನ "ಓಕೆ", ಹುಡುಗಿ ಟೇಪು ಹಿಡಿದು ಅಳೆದದ್ದು, ಎಲ್ಲಾ. 1996ರಲ್ಲಿ ಹೇಳದ್ದನ್ನೂ ಸೇರಿಸಿ ಹೇಳಿದ ಹಾಗಾಯ್ತು. ಬೈಯುತ್ತಾರೆ ಅಂದುಕೊಂಡಿದ್ದೆ. ಬಹಳ ಹೊತ್ತು ಸುಮ್ಮನಿದ್ದು, "ಆಕೀನ್ನ ದಿನಾ ಕಳಿಸ್ರಿ ಸರ" ಅಂದರು. ಅಜ್ಜಿ ಹನ್ನೊಂದನೇ ದಿನ ವೆಂಟಿಲೇಟರಿನಿಂದ ಹೊರಬಂದರು. ನಮ್ಮ ಪುಣ್ಯ, ಅವರ ಗಟ್ಟಿತನ.

ಆಡಳಿತದವರಿಗೂ ಬರೆದು ಕೊಟ್ಟಿದ್ದೇನೆ. ಎರಡರಿಂದ ಮೂರು ಕ್ಲಾಸು ಇರುತ್ತೆ, ಇಲ್ಲದಿದ್ದರೆ ನಾನಿರೋದಿಲ್ಲ. ಉತ್ತರ ಇನ್ನೂ ಬಂದಿಲ್ಲ. ಐವತ್ತು ದಾಟಿದ ಮೇಲೆ, ಮನೆ ಸಾಲ ಇನ್ನೂ ಬಾಕಿ ಇರುವಾಗ ಇಂಥ ಕಾಗದ ಬರೆಯೋದು ಜಾಣತನವಾ ಅಂತ ಮನೆಯವಳು ಕೇಳುತ್ತಿದ್ದಾಳೆ. ಅವಳ ಪ್ರಶ್ನೆಗೂ ನನ್ನ ಹತ್ತಿರ ಉತ್ತರ ಇಲ್ಲ.

ನಿಮ್ಮಿಂದ ಒಂದೇ ಬೇಡಿಕೆ. ಹಾಗೆ ಆಗದಿರಲಿ, ಆದರೆ ಎಂದಾದರೂ ನಿಮ್ಮವರು ಐಸಿಯುನಲ್ಲಿದ್ದಾಗ "ಇಲ್ಲಿ ವಿದ್ಯಾರ್ಥಿಗಳಿದ್ದಾರಾ?" ಅಂತ ಹೆದರಿ ಕೇಳಬೇಡಿ. "ರಾತ್ರಿ ಯಾರಿರ್ತಾರೆ? ಅವರಿಗೆ ಕಲಿಸೋರು ಯಾರು? ಅವರು ಮಾಡುವಾಗ ಪಕ್ಕದಲ್ಲಿ ಯಾರು ನಿಲ್ತಾರೆ?" ಅಂತ ಕೇಳಿ. ಆಸ್ಪತ್ರೆಯವರು ತಡಬಡಾಯಿಸಿದರೆ ಹೆದರಿ. ನಾನು ಕೇಳಿದರೆ ಅದು ಡಾಕ್ಟರನ ಕಿರಿಕಿರಿ. ಬಿಲ್ ಕಟ್ಟುವ ನೀವು ಕೇಳಿದರೆ ಆ ಎಕ್ಸೆಲ್ ಶೀಟಿನ ಬಣ್ಣ ಬದಲಾಗಬಹುದು.

ಕೇಳ್ತೀರಲ್ಲ?